ತಳದ ಸ್ಟಿಕರ್ ನಂಬಬೇಡಿ: ಮೊದಲ ಪ್ಲೇಸ್ಟೇಷನ್ನಿನ ಒಳಗುಟ್ಟು

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ನಾಲ್ಕು ಬೂದು ಡಬ್ಬಿಗಳಿವೆ. ನಾಲ್ಕೂ ಸೋನಿಯ ಮೊದಲ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರ. ಹಿಂದಿನ ಸಾಲಿನಲ್ಲಿ ಕೂತವರಿಗೆ ನಾಲ್ಕೂ ಒಂದೇ ಥರ ಕಾಣುತ್ತಿರಬಹುದು, ಅಲ್ವಾ? ಒಳಗೆ ಮಾತ್ರ ನಾಲ್ಕೂ ಒಂದೇ ಅಲ್ಲ. ಯಾವುದು ಯಾವುದು ಅಂತ ಗುರುತು ಹಿಡಿಯುವುದು ಹೇಗೆ, ಅದನ್ನೇ ಇವತ್ತು ಮಾತಾಡೋಣ.

ಈ ಯಂತ್ರ ಜಪಾನಿನಲ್ಲಿ ಬಂದದ್ದು 1994ರ ಡಿಸೆಂಬರ್ 3ರಂದು, 39,800 ಯೆನ್ ಬೆಲೆಗೆ. ಅಮೆರಿಕ, ಯುರೋಪ್ ಕಂಡದ್ದು ಮರುವರ್ಷದ ಸೆಪ್ಟೆಂಬರ್‌ನಲ್ಲಿ. 2006ರ ತನಕ ತಯಾರಾಯಿತು, ಒಟ್ಟು 10 ಕೋಟಿಗೂ ಜಾಸ್ತಿ. ಅಷ್ಟು ವರ್ಷ ಒಂದೇ ಸಾಮಾನು ತಯಾರಿಸುವ ಯಾವ ಕಂಪನಿಯೂ ಒಳಗಿನದನ್ನು ಹಾಗೇ ಬಿಡುವುದಿಲ್ಲ. ಚಿಪ್ ಅಗ್ಗವಾಗುತ್ತದೆ, ಎರಡು ಚಿಪ್ ಸೇರಿ ಒಂದಾಗುತ್ತದೆ, ಬೋರ್ಡ್ ಚಿಕ್ಕದಾಗುತ್ತದೆ, ಗಿರಾಕಿಗಳು ದೂರು ಕೊಟ್ಟದ್ದು ಸರಿಯಾಗುತ್ತದೆ. ಹೊರಗಿನ ಚಿಪ್ಪು ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಮೊದಲು ಡಬ್ಬಿಯನ್ನು ಮಗುಚಿ. ತಳದ ಸ್ಟಿಕರ್ ಮೇಲೆ ಎಸ್‌ಸಿಪಿಎಚ್ ಅಂತ ಇದ್ದು, ಮುಂದೆ ಒಂದು ನಂಬರ್ ಇರುತ್ತದೆ. 1001, 5502, 7501, ಹೀಗೆ. ಕೊನೆಯ ಅಂಕಿ ಊರು ಹೇಳುತ್ತದೆ. ಸೊನ್ನೆ ಇದ್ದರೆ ಜಪಾನ್, 1 ಅಮೆರಿಕ, 2 ಯುರೋಪ್, 3 ಏಷ್ಯಾದ ಬೇರೆ ಕಡೆಗಳು. ಮುಂದಿನ ಅಂಕಿಗಳು ಪೀಳಿಗೆ ಹೇಳುತ್ತವೆ. 1000 ಮೊದಲನೆಯದು, ಆಮೇಲೆ 3000, 5000, 5500, 7000, 7500, ಕೊನೆಗೆ 9000. 2000ದಲ್ಲಿ ಬಂದ ಪುಟ್ಟ ಬಿಳಿ ಪಿಎಸ್ ಒನ್‌ಗೆ 100, 101, 102 ಅಂತ ನಂಬರ್.

ಆ ಕೊನೆಯ ಅಂಕಿಯನ್ನು ನಮ್ಮೂರಿನವರು ಉದಾಸೀನ ಮಾಡಲೇಬಾರದು. ಅದಕ್ಕೆ ಕಾರಣ ಇಲ್ಲೇ ಇದೆ, ಈ ಎರಡನೇ ಡಬ್ಬಿ. ಇದು 7501. ಮಾವ ಅಮೆರಿಕದಿಂದ ತಂದುಕೊಟ್ಟದ್ದು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಸ್ಟಿಕರ್ ಮೇಲೆ 120 ವೋಲ್ಟ್ ಅಂತ ಸ್ಪಷ್ಟವಾಗಿ ಬರೆದಿತ್ತು, ಓದುವ ತಾಳ್ಮೆ ನನಗಿರಲಿಲ್ಲ. ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಟಪ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಪವರ್ ಸಪ್ಲೈ ಬದಲಾಯಿಸಿ ಇದನ್ನು ಮತ್ತೆ ಓಡಿಸಿದ್ದು ಎಷ್ಟೋ ವರ್ಷದ ಮೇಲೆ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ ಮನೆಯ ಕರೆಂಟು 230. ಕೊನೆಗೆ ಸೊನ್ನೆ ಅಥವಾ 1 ಕಂಡರೆ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಲೇಬೇಡಿ. ಇನ್ನೊಂದು ತೊಂದರೆ ಟಿವಿಯದು. ಟಿವಿಗೆ ಚಿತ್ರ, ಬಣ್ಣ ಕಳಿಸುವ ಪದ್ಧತಿ ಆಗ ನಮ್ಮ ದೇಶದಲ್ಲಿ ಪಾಲ್, ಅಮೆರಿಕ ಜಪಾನಿನಲ್ಲಿ ಎನ್‌ಟಿಎಸ್‌ಸಿ. ಪಾಲ್ ಮಾತ್ರ ಗೊತ್ತಿದ್ದ ಹಳೇ ಡಬ್ಬಾ ಟಿವಿಗೆ ಅಮೆರಿಕದ ಯಂತ್ರ ಜೋಡಿಸಿದರೆ ಚಿತ್ರ ಕಪ್ಪುಬಿಳುಪಾಗುತ್ತಿತ್ತು, ಇಲ್ಲವೇ ಮೇಲಿಂದ ಕೆಳಗೆ ಉರುಳುತ್ತಿತ್ತು. ಯಂತ್ರ ಕೆಟ್ಟಿದೆ ಅಂತ ಎಷ್ಟು ಜನ ಮೂಲೆಗೆ ಹಾಕಿದ್ದಾರೋ!

ಸ್ಟಿಕರ್ ಓದಿದ್ದಾಯಿತು. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಈ ಮೂರನೇ ಡಬ್ಬಿಯನ್ನು ನನಗೆ ಮಾರಿದವರು 1002 ಅಂತ ಹೇಳಿ ಮಾರಿದರು. ಕಳಿಸಿದ ಫೋಟೋದಲ್ಲಿ ತಳ ಮಾತ್ರ ಇತ್ತು, ನಂಬರ್ ಕೂಡ ಸರಿಯಾಗಿತ್ತು. ಮನೆಗೆ ಬಂದ ಮೇಲೆ ಹಿಂಬದಿ ತಿರುಗಿಸಿದೆ, ಎದೆ ಧಸಕ್ ಅಂತು. 1002ರಲ್ಲಿ ಇರಬೇಕಾದ, ಟಿವಿ ತಂತಿ ಚುಚ್ಚುವ ಕೆಂಪು, ಬಿಳಿ, ಹಳದಿ ಜಾಕ್‌ಗಳೇ ಇಲ್ಲ. ಸ್ಟಿಕರ್ ಹತ್ತಿರ ಹಿಡಿದು ನೋಡಿದರೆ ಒಂದು ಮೂಲೆ ಎದ್ದಿದೆ, ಅಡಿಯಲ್ಲಿ ಹಳದಿಯಾದ ಗೋಂದು. ಯಾವುದೋ ಸತ್ತ ಯಂತ್ರದ ಸ್ಟಿಕರ್ ಕಿತ್ತು ಇದಕ್ಕೆ ಅಂಟಿಸಿದ್ದಾರೆ. ಒಳಗಿರುವುದು 7502.

ಹಾಗಾಗಿ ಹಿಂಬದಿ ನೋಡದೆ ದುಡ್ಡು ಕೊಡಬೇಡಿ. ಜಪಾನಿನ ಮೊಟ್ಟಮೊದಲ 1000ದಲ್ಲಿ ಎಸ್-ವಿಡಿಯೊ ಕಿಂಡಿಯೂ ಇತ್ತು, ಮತ್ತೆ ಯಾವುದರಲ್ಲೂ ಅದು ಬರಲಿಲ್ಲ. 1001, 1002ರಲ್ಲಿ ಆ ಕೆಂಪು, ಬಿಳಿ, ಹಳದಿ ಬಣ್ಣದ ಮೂರು ಆರ್‌ಸಿಎ ಜಾಕ್‌ಗಳು ನೇರವಾಗಿ ಹಿಂಬದಿಯಲ್ಲೇ ಇವೆ. 5500 ಬರುವ ಹೊತ್ತಿಗೆ ಅವು ಹೋಗಿ, ಸೋನಿಯದೇ ಆದ ಅಗಲದ ಎವಿ ಕಿಂಡಿ ಮಾತ್ರ ಉಳಿಯಿತು. ಚಿಕ್ಕ ಮುಚ್ಚಳದ ಹಿಂದೆ ಅಡಗಿದ ಪ್ಯಾರಲಲ್ ಪೋರ್ಟ್ ಇದೆಯಲ್ಲ, ಅದಕ್ಕೆ ಆಟದಲ್ಲಿ ಅಡ್ಡದಾರಿ ತೆರೆಯುವ ಚೀಟ್ ಕಾರ್ಟ್ರಿಡ್ಜ್‌ಗಳನ್ನು ಸಿಕ್ಕಿಸುತ್ತಿದ್ದರು. 9000 ಸರಣಿಯಲ್ಲಿ ಅದೂ ಮಾಯ. ಎರಡು ಯಂತ್ರ ಜೋಡಿಸಿ ಇಬ್ಬರು ಎರಡು ಟಿವಿಯಲ್ಲಿ ಆಡಲು ಬೇಕಿದ್ದ ಸೀರಿಯಲ್ ಪೋರ್ಟ್ ಪಿಎಸ್ ಒನ್‌ನಲ್ಲಿ ಹೋಯಿತು. ಅಂದರೆ ವಯಸ್ಸಾದಂತೆ ಹಿಂಬದಿ ಖಾಲಿಯಾಗುತ್ತಾ ಬಂತು. ಸ್ಟಿಕರ್ ಬದಲಾಯಿಸುವುದು ಒಂದು ನಿಮಿಷದ ಕೆಲಸ, ಕಿಂಡಿ ಬದಲಾಯಿಸುವುದು ಸುಲಭ ಅಲ್ಲ.

ಈಗ ಮೇಲಿನ ಮುಚ್ಚಳ ತೆಗೆಯಿರಿ. ಡಿಸ್ಕ್ ಓದುವ ಲೆನ್ಸ್ ಎಲ್ಲಿದೆ ನೋಡಿ. ಹಳೇ ಯಂತ್ರಗಳಲ್ಲಿ ಅದು ಪವರ್ ಸಪ್ಲೈ ಪಕ್ಕಕ್ಕೇ ಇತ್ತು. ಮೇಲಾಗಿ ಲೆನ್ಸ್ ಹೊತ್ತ ಗಾಡಿಯೂ ಪ್ಲಾಸ್ಟಿಕ್, ಅದು ಜಾರುವ ಹಳಿಯೂ ಪ್ಲಾಸ್ಟಿಕ್. ಪಕ್ಕದಲ್ಲಿ ಬಿಸಿ, ದಿನವೂ ತಿಕ್ಕಾಟ. ಹಳಿ ಸವೆದು ಲೆನ್ಸ್ ಒಂದು ಕಡೆಗೆ ವಾಲುತ್ತಿತ್ತು. ಆಟದ ನಡುವೆ ವಿಡಿಯೊ ತಡವರಿಸುವುದು, ಹಾಡು ಕಿತ್ತುಕೊಂಡು ಬರುವುದು, ಎಲ್ಲಾ ಅದರಿಂದಲೇ. ಜನ ಯಂತ್ರವನ್ನೇ ತಲೆಕೆಳಗು ಮಾಡಿ ಆಡುತ್ತಿದ್ದರು. ಹುಚ್ಚಾಟ ಅಲ್ಲ ಅದು. ಮಗುಚಿದಾಗ ಲೆನ್ಸ್ ಹಳಿಯ ಸವೆಯದ ಬದಿಗೆ ಒರಗುತ್ತಿತ್ತು, ಡಿಸ್ಕ್ ಓದುತ್ತಿತ್ತು. 5500ರ ಹೊತ್ತಿಗೆ ಲೆನ್ಸನ್ನು ಬಿಸಿಯಿಂದ ದೂರ ಸರಿಸಿದರು. ಎರಡು ಡಬ್ಬಿ ಅಕ್ಕಪಕ್ಕ ಇಟ್ಟು ಮುಚ್ಚಳ ತೆಗೆದರೆ ಈ ಜಾಗದ ವ್ಯತ್ಯಾಸ ಸುಮ್ನೆ ಕಣ್ಣಿಗೇ ಕಾಣುತ್ತದೆ, ಸ್ಕ್ರೂಡ್ರೈವರ್ ಬೇಕಾಗಿಲ್ಲ.

ಆನ್ ಮಾಡಿಯೂ ಒಂದು ಪರೀಕ್ಷೆ ಮಾಡಬಹುದು. ಹಾಡಿನ ಸಿಡಿ ಹಾಕಿ, ಸಿಡಿ ಪ್ಲೇಯರ್ ತೆರೆಯಲ್ಲಿ ಸೆಲೆಕ್ಟ್ ಒತ್ತಿ. ಹಾಡಿಗೆ ತಕ್ಕಂತೆ ಬಣ್ಣಗಳು ಕುಣಿದರೆ ಅದು ಸೌಂಡ್‌ಸ್ಕೋಪ್, ಯಂತ್ರ 7000 ಸರಣಿಯದು ಅಥವಾ ಆಮೇಲಿನದು.

ಆದರೂ ಕೊನೆಯ ಮಾತು ಬೋರ್ಡಿನದೇ. ಬಿಚ್ಚುವ ಮುಂಚೆ ಪ್ಲಗ್ ತೆಗೆಯಿರಿ, ಸ್ವಲ್ಪ ಹೊತ್ತು ಬಿಡಿ, ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಹತ್ತಿರ ಬೆರಳು ತರಬೇಡಿ. ತಗಡಿನ ಕವಚ ಎತ್ತಿದರೆ ಹಸಿರು ಬೋರ್ಡಿನ ಮೇಲೆ ಪಿಯು ಅಂತ ಅಚ್ಚಾಗಿರುತ್ತದೆ. 1001, 1002ರಲ್ಲಿ ಪಿಯು-8. 5500ರಲ್ಲಿ ಪಿಯು-18. 7000ದಲ್ಲಿ ಪಿಯು-20, 7500ರಲ್ಲಿ ಪಿಯು-22, 9000ದಲ್ಲಿ ಪಿಯು-23. ಪಿಎಸ್ ಒನ್‌ನಲ್ಲಿ ಪಿಎಂ-41. ಹಳೇ ಬೋರ್ಡ್ ಡಬ್ಬಿಯ ತುಂಬಾ ಇದ್ದರೆ, ಪಿಯು-23 ನೋಡಿದರೆ ಅರ್ಧ ಜಾಗ ಖಾಲಿ ಬಿಟ್ಟಿದ್ದಾರಲ್ಲ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇಲ್ಲೇ ಇರುವುದು. ಚಿತ್ರ ಬಿಡಿಸುವ ಚಿಪ್, ಜಿಪಿಯು, ಎರಡು ಥರ. ಬೋರ್ಡಿಗೆ ಬೆಸೆದ ಪುಟ್ಟ ಲೋಹದ ಕಾಲುಗಳು ಹಳೆಯದಕ್ಕೆ 160, ಹೊಸದಕ್ಕೆ 208. ಆಟದೊಳಗೆ ಒಂದು ಗೋಡೆ ಇದೆ ಅಂದುಕೊಳ್ಳಿ. ಗೋಡೆಯ ಚಿತ್ರದ ಮೇಲೆ ದೀಪದ ಬೆಳಕು ಬೀಳಬೇಕು. ಚಿಪ್ ಚಿತ್ರದ ಬಣ್ಣವನ್ನು ಬೆಳಕಿನ ಬಣ್ಣದಿಂದ ಗುಣಿಸುತ್ತದೆ. ಹೊಸ ಚಿಪ್ ಬೆಳಕಿನ 256 ಹಂತಗಳನ್ನೂ ಇಟ್ಟುಕೊಂಡು ಗುಣಿಸುತ್ತದೆ. ಹಳೆಯದು ಮೊದಲೇ ಅದನ್ನು 32 ಹಂತಕ್ಕೆ ಕತ್ತರಿಸಿ, ಆಮೇಲೆ ಗುಣಿಸುತ್ತದೆ. ಹೊಸದರಲ್ಲಿ ಬೆಳಕು ನುಣ್ಣಗೆ ಕತ್ತಲಿಗೆ ಇಳಿಯುತ್ತದೆ. ಹಳೆಯದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಅದೇ ಆಟ, ಅದೇ ಡಿಸ್ಕ್! ಆಟ ಬರೆಯುವವರಿಗೆ ಸೋನಿಯೇ ಎರಡು ಬಣ್ಣದ ಪರೀಕ್ಷಾ ಯಂತ್ರ ಕೊಟ್ಟಿತ್ತು. ಹಳೇ ಚಿಪ್ ಇದ್ದದ್ದು ನೀಲಿ, ಹೊಸದು ಇದ್ದದ್ದು ಹಸಿರು.

ತಮಾಷೆ ಏನೆಂದರೆ ಈ ಬದಲಾವಣೆ ಪಿಯು-8 ಬೋರ್ಡ್ ಇದ್ದ ಕಾಲದಲ್ಲೇ ಆಯಿತು. ಮೊದಮೊದಲ ಪಿಯು-8ರಲ್ಲಿ ಹಳೇ ಚಿಪ್, ಕೊನೆಕೊನೆಯ ಪಿಯು-8ರಲ್ಲಿ ಹೊಸದು. ಅಂದರೆ ಒಂದೇ ನಂಬರಿನ ಸ್ಟಿಕರ್, ಒಂದೇ ಜಾಕ್‌ಗಳು, ಬೋರ್ಡಿನ ಹೆಸರೂ ಒಂದೇ. ಚಿಪ್ ಬೇರೆ.

1001ಕ್ಕೆ ಬೆಲೆ ಏರಿದ್ದು ಯಾಕೆ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಕಾರಣ ಅದರ ಸದ್ದು. ಅದರಲ್ಲಿ ಎಕೆಎಂ ಕಂಪನಿಯ ಎಕೆ4309 ಡಿಎಸಿ, ಅಂದರೆ ಸಿಡಿಯ ಅಂಕಿಗಳನ್ನು ಸದ್ದಾಗಿಸುವ ಚಿಪ್ ಇದೆ, ಆರ್‌ಸಿಎ ಜಾಕ್ ಇರುವುದರಿಂದ ಆಂಪ್ಲಿಫೈಯರ್‌ಗೆ ನೇರವಾಗಿ ಜೋಡಿಸಬಹುದು. ಅಮೆರಿಕದ ಸ್ಟೀರಿಯೊಫೈಲ್ ಪತ್ರಿಕೆ 2008ರಲ್ಲಿ ಇದನ್ನು ಸಿಡಿ ಪ್ಲೇಯರ್ ಅಂತಲೇ ವಿಮರ್ಶೆ ಮಾಡಿತು. ಹಾಡು ಕೇಳುವುದಕ್ಕಾದರೆ ಹುಡುಕಿ ತನ್ನಿ, ತಪ್ಪಿಲ್ಲ. ಆಟ ಆಡುವುದಕ್ಕಾದರೆ ನನ್ನ ಸಲಹೆ 7502 ಅಥವಾ 9002. ನಮ್ಮ ಕರೆಂಟಿಗೆ ಹೊಂದುತ್ತದೆ, ಬಿಸಿ ಕಮ್ಮಿ, ಲೆನ್ಸ್ ಬಾಳಿಕೆ ಬರುತ್ತದೆ. ಇನ್ನು ಬಿಳಿ ಬಣ್ಣದ 5903 ಎಲ್ಲಾದರೂ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಏಷ್ಯಾದಲ್ಲಿ ಮಾತ್ರ ಮಾರಿದ್ದು, ವಿಸಿಡಿ ಓಡಿಸುತ್ತದೆ. ಮನೆಮನೆಯಲ್ಲಿ ವಿಸಿಡಿ ನೋಡಿದ ನಮಗೆ ಅದರ ಬೆಲೆ ಗೊತ್ತು.

ನಾಲ್ಕನೇ ಡಬ್ಬಿ ಉಳಿಯಿತು. ಇದು ನಿಜವಾದ 1002. ಸ್ಟಿಕರ್ ಅಂಚು ಭದ್ರವಾಗಿದೆ, ಹಿಂದೆ ಮೂರೂ ಜಾಕ್ ಇವೆ, ಲೆನ್ಸ್ ಹಳೇ ಜಾಗದಲ್ಲೇ ಇದೆ. ಬೋರ್ಡ್ ಪಿಯು-8 ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಜಿಪಿಯು ಹಳೆಯದೋ ಹೊಸದೋ ಹೊರಗಿನಿಂದ ತಿಳಿಯುವುದಿಲ್ಲ. ಇವತ್ತಿಗಂತಲೇ ಬಿಚ್ಚದೆ ಇಟ್ಟಿದ್ದೇನೆ. ಮುಂದೆ ಬನ್ನಿ, ಮಕ್ಕಳಿಗೆ ಮೊದಲು ಜಾಗ ಬಿಡಿ, ಯಾರಾದರೂ ಮೊಬೈಲ್ ಟಾರ್ಚ್ ಹಿಡಿಯಿರಿ. ಕಾಲು ಎಣಿಸೋಣ.