ಗಂಜಿಯೊಳಗಿನ ಗಂಟು

ಕೇಳುಗರಿಗೆ ನಮಸ್ಕಾರ.

ಇವತ್ತು ಮಧ್ಯಾಹ್ನ ಒಂದು ಕೆಲಸ ಮಾಡಿ ನೋಡಿ. ಕುಚ್ಚಲಕ್ಕಿ ಅನ್ನದ ಒಂದು ತುತ್ತನ್ನು ಉಪ್ಪಿನಕಾಯಿ ಮುಟ್ಟಿಸದೆ, ಸುಮ್ನೆ ಒಂದೆರಡು ನಿಮಿಷ ಅಗಿಯಿರಿ. ನುಂಗಬೇಡಿ. ಮೆಲ್ಲಗೆ ಸಿಹಿಯಾಗುತ್ತದೆ. ಸಕ್ಕರೆ ಹಾಕಿದವರು ಯಾರು? ನಿಮ್ಮದೇ ಎಂಜಲು. ಅಕ್ಕಿಯ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಉದ್ದನೆಯ ಸರ. ಎಂಜಲಿನ ಅಮೈಲೇಸ್ ಎಂಬ ಕಿಣ್ವ ಮಣಿಗಳ ನಡುವಿನ ಗಂಟಿಗೆ ಒಂದು ನೀರಿನ ಅಣು ಸೇರಿಸಿ ಬಿಚ್ಚುತ್ತದೆ. ಈ ಗಂಟಿಗೇ ರಾಸಾಯನಿಕ ಬಂಧ ಅನ್ನುವುದು.

ಹಟ್ಟಿಯ ದನ ತಿನ್ನುವ ಬೈಹುಲ್ಲಿನ ನಾರಿನಲ್ಲೂ ಇರುವುದು ಇದೇ ಗ್ಲೂಕೋಸ್. ಗಂಟು ಹಾಕಿದ ರೀತಿ ಮಾತ್ರ ಬೇರೆ. ಅದನ್ನು ಬಿಚ್ಚುವ ಕಿಣ್ವ ನಮ್ಮಲ್ಲಿಲ್ಲ. ದನಕ್ಕೂ ಇಲ್ಲ ಅನ್ನಿ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಒಂದೇ ಗದ್ದೆಯ ಪೈರು, ಅಕ್ಕಿ ನಮಗೆ, ಹುಲ್ಲು ಅದಕ್ಕೆ.

ಇನ್ನು ನನ್ನದೊಂದು ತಪ್ಪೊಪ್ಪಿಗೆ. 'ಬಂಧ ಮುರಿದರೆ ಶಕ್ತಿ ಬರುತ್ತದೆ' ಎಂದು ಉಡುಪಿಯಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅದು ಪೂರಾ ಉಲ್ಟಾ. ಎರಡು ಅಯಸ್ಕಾಂತ ಅಂಟಿಕೊಂಡಿವೆ ಅಂತಿಟ್ಟುಕೊಳ್ಳಿ. ಬಿಡಿಸಲು ನೀವೇ ಬಲ ಹಾಕಬೇಕು, ಅಲ್ವಾ? ಹತ್ತಿರ ತಂದು ಬಿಟ್ಟರೆ ಟಕ್ ಎಂದು ಕೂಡುತ್ತವೆ. ಶಕ್ತಿ ಹೊರಬೀಳುವುದು ಆ ಟಕ್ ಎನ್ನುವಾಗ. ಮೈಯೊಳಗೂ ಹಾಗೇ. ಗ್ಲೂಕೋಸಿನ, ಆಮ್ಲಜನಕದ ಹಳೇ ಬಂಧ ಬಿಡಿಸಲು ಖರ್ಚಿದೆ. ಅವೇ ಪರಮಾಣುಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಇನ್ನೂ ಗಟ್ಟಿಯಾಗಿ ಕೂಡಿಕೊಂಡಾಗ ಆದಾಯ ಜಾಸ್ತಿ. ಖರ್ಚು ಕಳೆದು ಉಳಿಯುವುದು ಗ್ರಾಮಿಗೆ ಸುಮಾರು 4 ಕಿಲೋಕ್ಯಾಲೊರಿ. ಉಸಿರಾಡದೆ ಬರೀ ಉಂಡರೆ ಯಾಕೆ ಸಾಲದು ಎಂಬುದಕ್ಕೂ ಇದೇ ಲೆಕ್ಕ.

ಈ ಉಳಿತಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಆಟಿಯ ಮಳೆಯಲ್ಲೂ ಮೈ ಬೆಚ್ಚಗಿರುವುದು ಅದರಿಂದಲೇ. ಉಳಿದದ್ದು ಎಟಿಪಿ ಎಂಬ ಚಿಲ್ಲರೆಯಾಗುತ್ತದೆ, ಅಂದರೆ ಜೀವಕೋಶಗಳು ತಮ್ಮ ಕೆಲಸಕ್ಕೆ ಖರ್ಚು ಮಾಡುವ ಅಣು. ಇದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ವರ್ಷ ಅಮೆರಿಕದಲ್ಲಿ ಸೈರಸ್ ಫಿಸ್ಕೆ ಜೊತೆ ನಮ್ಮ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಕೂಡ ಇದನ್ನು ಪತ್ತೆಹಚ್ಚಿದ್ದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ಬಿಡಿ. ಎಟಿಪಿ ಮೈಯಲ್ಲಿರುವುದೇ ಸ್ವಲ್ಪ. ಆ ಸ್ವಲ್ಪವೇ ಮತ್ತೆ ಮತ್ತೆ ತಿರುಗಿ, ದಿನಕ್ಕೆ ಹತ್ತಾರು ಕಿಲೋದಷ್ಟು ಕೈ ಬದಲಾಯಿಸುತ್ತದೆ.

ಕನ್ನಡಕ ಒರೆಸಲು 'ಹಾ' ಎಂದು ಊದುತ್ತೀರಲ್ಲ? ಆ ಉಸಿರಲ್ಲಿ ಹೊರಬೀಳುವ ಇಂಗಾಲ ನಿನ್ನೆಯೋ ಮೊನ್ನೆಯೋ ನಿಮ್ಮ ಗಂಜಿಯ ಬಟ್ಟಲಲ್ಲಿತ್ತು.