ಹತ್ತು: ಲೆಕ್ಕದ ಹತ್ತು ಬೇರೆ, ಮರ ಹತ್ತೋ ಹತ್ತು ಬೇರೆ

‘ಹತ್ತು ಮೆಟ್ಟಿಲು ಹತ್ತು.’ ಒಮ್ಮೆ ಜೋರಾಗಿ ಹೇಳಿ ನೋಡಿ. ಮೊದಲನೇದು ಲೆಕ್ಕ, ಕೊನೇದು ಕೆಲಸ. ಉಚ್ಚಾರ ಒಂದೇ, ಕಾಗುಣಿತ ಒಂದೇ, ಬೇರು ಮಾತ್ರ ಬೇರೆ ಬೇರೆ.

ಹಳಗನ್ನಡದಲ್ಲಿ ಎರಡೂ ‘ಪತ್ತು’. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು. ಆದರೆ ಪದದ ಒಳಗೆ ಅದು ಉಳಿದುಕೊಂಡಿದೆ: ಇಪ್ಪತ್ತು, ಎಪ್ಪತ್ತು. ಮೂವತ್ತು, ಐವತ್ತುಗಳಲ್ಲಿ ವಕಾರವಾಗಿದೆ, ಎಂಬತ್ತು, ತೊಂಬತ್ತುಗಳಲ್ಲಿ ಬಕಾರ. ಒಂದು ‘ಹ’ವೂ ಇಲ್ಲ, ಗಮನಿಸಿ.

ಬೇರು ಬೇರೆ ಅನ್ನೋದು ಕಾಣೋದು ತಮಿಳಿನಲ್ಲಿ. ಅಲ್ಲಿ ಸಂಖ್ಯೆ ‘ಪತ್ತು’. ಕ್ರಿಯಾಪದ ‘ಪಱ್ಱು’, ಎರಡು ಶಕಟರೇಫ (ಹಳಗನ್ನಡದಲ್ಲೂ ಇದ್ದ ‘ಱ’ ಅಕ್ಷರ) ಸೇರಿದ್ದು. ಅರ್ಥ: ಹಿಡಿ, ಅಂಟಿಕೋ, ಬೆಂಕಿ ತಗುಲು. ಕನ್ನಡದಲ್ಲಿ ಆ ಒತ್ತು ‘ತ್ತ’ ಆಗಿ, ಎರಡು ಪದ ಒಂದೇ ರೂಪಕ್ಕೆ ಬಂದು ನಿಂತವು.

ಹಾಗಾದರೆ ಕ್ರಿಯಾಪದದ ಮೂಲ ಅರ್ಥ ‘ಮೇಲೆ ಹೋಗು’ ಅಲ್ಲ, ‘ಅಂಟು’. ಬೆಂಕಿ ಹತ್ತುತ್ತೆ, ಹಾಲು ತಳ ಹತ್ತುತ್ತೆ, ನಿದ್ದೆ ಹತ್ತುತ್ತೆ, ಚಟ ಹತ್ತುತ್ತೆ, ತಿಂದದ್ದು ಮೈಗೆ ಹತ್ತುತ್ತೆ, ಪಾಠ ತಲೆಗೆ ಹತ್ತುತ್ತೆ. ಎಲ್ಲದರಲ್ಲೂ ಒಂದಕ್ಕೊಂದು ತಗುಲಿಕೊಳ್ಳೋದೇ ಇರೋದು. ಮರ ಹತ್ತೋದೂ ಮರವನ್ನು ತಬ್ಬಿ ಹಿಡಿದೇ ತಾನೆ? ಇದನ್ನು ‘ಏರು’ ಜೊತೆ ಇಟ್ಟು ನೋಡಿ. ಬೆಲೆ ಏರಿತು, ಜ್ವರ ಏರಿತು ಅಂತೀವಿ. ಬೆಲೆ ಹತ್ತಿತು ಅಂತ ಯಾರೂ ಅನ್ನಲ್ಲ, ಯಾಕಂದ್ರೆ ಅಲ್ಲಿ ಹಿಡಿದುಕೊಳ್ಳೋಕೆ ಏನೂ ಇಲ್ಲ. ನನಗೆ ಈ ಪದದಲ್ಲಿ ತುಂಬ ಇಷ್ಟವಾಗೋ ಸೂಕ್ಷ್ಮ ಇದೇ.

ಕನ್ನಡ ಕಲಿಯೋರು ಎಡವೋದು ಕರ್ತೃವಿನ ಹತ್ತಿರ. ಏರೋ ಅರ್ಥದಲ್ಲಿ ಮನುಷ್ಯನೇ ಕರ್ತೃ: ‘ನಾನು ಬಸ್ ಹತ್ತಿದೆ’. ಅಂಟೋ ಅರ್ಥದಲ್ಲಿ ಅಂಟಿದ್ದೇ ಕರ್ತೃ, ಮನುಷ್ಯನಿಗೆ ‘ಗೆ’ ಪ್ರತ್ಯಯ: ‘ನನಗೆ ನಿದ್ದೆ ಹತ್ತಿತು’. ‘ನಾನು ನಿದ್ದೆ ಹತ್ತಿದೆ’ ಅಂದರೆ ತಪ್ಪು. ಸಂಖ್ಯೆಯನ್ನು ಗುರುತಿಸೋದು ಇನ್ನೂ ಸುಲಭ, ವಿಭಕ್ತಿ ಹಚ್ಚಿದರೆ ಸಾಕು: ಹತ್ತಕ್ಕೆ, ಹತ್ತರಲ್ಲಿ, ಹತ್ತರಿಂದ. ಕ್ರಿಯಾಪದವಾದರೆ ಹತ್ತಿದ, ಹತ್ತುವ. ‘ಹತ್ತಿ’ ಅಂತ ಒಂಟಿಯಾಗಿ ಬಂದಾಗ ಮಾತ್ರ ಹುಷಾರು. ಅದು ‘ಮರ ಹತ್ತಿ ಇಳಿದ’ದಲ್ಲಿರೋ ಹತ್ತಿಯೂ ಆಗಬಹುದು, ನೂಲೋ ಹತ್ತಿಯೂ ಆಗಬಹುದು. ನೂಲೋ ಹತ್ತಿಯ ಮೂಲ ‘ಪರ್ತಿ’, ತಮಿಳಿನ ‘ಪರುತ್ತಿ’. ಅದು ಮೂರನೇ ಬೇರು.

ಈಗಷ್ಟೇ ‘ವಿಭಕ್ತಿ ಹಚ್ಚಿದರೆ’ ಅಂದೆನಲ್ಲ, ಆ ‘ಹಚ್ಚು’ ಕೂಡ ‘ಹತ್ತು’ವಿನ ಮನೆಯದೇ. ತಾನಾಗಿ ಅಂಟಿದರೆ ಹತ್ತು, ಅಂಟಿಸಿದರೆ ಹಚ್ಚು. ಎಣ್ಣೆ ಹಚ್ಚು, ಬಣ್ಣ ಹಚ್ಚು, ದೀಪ ಹಚ್ಚು. ‘ಹತ್ತಿಸು’ ಅನ್ನೋ ಇನ್ನೊಂದು ರೂಪವೂ ಇದೆ. ದೀಪಕ್ಕೆ ಎರಡೂ ನಡೆಯುತ್ತೆ, ಆದರೆ ಮಕ್ಕಳನ್ನು ಬಸ್ಸಿಗೆ ಹತ್ತಿಸಬೇಕು, ತಲೆಗೆ ಎಣ್ಣೆ ಹಚ್ಚಬೇಕು. ಅದಲುಬದಲು ಮಾಡೋ ಹಾಗಿಲ್ಲ.

ಉತ್ತರ ಕರ್ನಾಟಕದಲ್ಲಿ ಇದು ವ್ಯಾಕರಣದ ಕೆಲಸವನ್ನೇ ಹೊತ್ತುಕೊಂಡಿದೆ: ‘ಮಳಿ ಬರಾಕ ಹತ್ತೈತಿ’, ಅಂದರೆ ಮಳೆ ಬರ್ತಾ ಇದೆ. ಬರವಣಿಗೆಯಲ್ಲಿ ‘ಬರೆಯಹತ್ತಿದ’, ‘ಅಳಹತ್ತಿದಳು’ ಅಂತ ಕಾಣ್ತೀವಿ. ಮನುಷ್ಯ ಕೆಲಸಕ್ಕೆ ಅಂಟಿಕೊಂಡ, ಅಂದರೆ ಅದನ್ನು ಶುರುಮಾಡಿದ ಅಂತ.