ಗುಳಿಯಪ್ಪದ ಕಾವಲಿ ಮತ್ತು ಉಪ್ಪು ಸೋಸುವ ಪೊರೆ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಗುಡ್ಡದವರಿಗೆ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ, ನೀರಿನ ರುಚಿ ಗೊತ್ತು. ಮುರಕಲ್ಲಿನೊಳಗಿಂದ ಜಿನುಗುವ ಆ ನೀರಿಗೆ ನಮ್ಮಜ್ಜಿ ಒಂದು ಬೈರಾಸು ಕಟ್ಟುತ್ತಿದ್ದರು, ಅಷ್ಟೇ. ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ ಹಾಗಲ್ಲ. ಬೇಸಗೆಯಲ್ಲಿ ಹೊಳೆಗೆ ಉಪ್ಪುನೀರು ಏರುತ್ತದೆ. ಕರಗಿದ ಉಪ್ಪನ್ನು ಯಾವ ಬಟ್ಟೆಯೂ ಹಿಡಿಯದು. ಅದಕ್ಕೆ ಮೆಂಬ್ರೇನ್, ಅಂದರೆ ಪೊರೆ ಬೇಕು.

ಪೊರೆ ಮಾಡುವುದು ಹದದ ಕೆಲಸ. 1960ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಯೆಬ್ ಮತ್ತು ಭಾರತ ಮೂಲದ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್ ದ್ರಾವಣವನ್ನು ತೆಳ್ಳಗೆ ಹರಡಿ, ತಣ್ಣೀರಿಗಿಳಿಸಿ, ಆಮೇಲೆ ಬಿಸಿನೀರಿನಲ್ಲಿಟ್ಟು ಪೊರೆ ಪಡೆದರು. ದ್ರಾವಣ ಎಷ್ಟು ಮಂದ? ಗಾಳಿಗೆ ಎಷ್ಟು ಹೊತ್ತು? ನೀರು ಎಷ್ಟು ಬಿಸಿ? ಬೆರಕೆ ಎಷ್ಟು? ಈ ನಾಲ್ಕಕ್ಕೂ ಐದೈದು ಹದ ಅಂದರೆ 625 ಪ್ರಯೋಗ! ಒಂದೊಂದನ್ನೇ ಮಾಡುತ್ತ ಕೂತರೆ ವರ್ಷಗಳೇ ಬೇಕು.

ಹೈ ಥ್ರೂಪುಟ್ ಸ್ಕ್ರೀನಿಂಗ್, ಅಂದರೆ ಹತ್ತಾರು ಮಾದರಿಗಳನ್ನು ಒಟ್ಟಿಗೇ ಜರಡಿ ಹಿಡಿಯುವ ವಿಧಾನ, ನೆರವಿಗೆ ಬರುವುದು ಇಲ್ಲಿ. ಗುಳಿಯಪ್ಪದ ಕಾವಲಿಯನ್ನು ನೆನಪಿಸಿಕೊಳ್ಳಿ. ಅಂಗೈಯಗಲದ ತಟ್ಟೆ, 8 ಸಾಲು, ಸಾಲಿಗೆ 12 ಗುಳಿ, ಒಟ್ಟು 96. ಒಂದೊಂದು ಗುಳಿಯ ತಳದಲ್ಲೂ ಚೂರು ಪೊರೆ, ಒಂದೊಂದಕ್ಕೂ ಬೇರೆ ಹದ. ಅಮೆರಿಕದ ರೆನ್ಸೆಲೇರ್ ಸಂಸ್ಥೆಯಲ್ಲಿ ಜಾರ್ಜ್ ಬೆಲ್ಫೋರ್ಟ್ ಬಳಗ ಇಂಥ ತಟ್ಟೆಯಲ್ಲೇ ಪೊರೆಗಳ ಮೈಗೆ ಬಗೆಬಗೆಯ ರಾಸಾಯನಿಕ ಲೇಪ ಬೆಸೆದು, ಯಾವುದಕ್ಕೆ ಪ್ರೋಟೀನಿನ ಕೊಳೆ ಕಡಿಮೆ ಅಂಟುತ್ತದೆ ಎಂದು ಒಟ್ಟಿಗೇ ನೋಡಿತು.

ಆದರೆ ಒಂದು ಮಾತು. ಇಂಥ ತಟ್ಟೆಯಲ್ಲಿ ನೀರನ್ನು ಎಳೆಯುವುದು ನಿರ್ವಾತ, ಅದರ ಬಲ ಒಂದು ಬಾರ್‌ಗಿಂತಲೂ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತಲೂ, ಕಡಿಮೆ. ಕಡಲ ನೀರನ್ನು ಪೊರೆಯ ಮೂಲಕ ಒತ್ತಿ ಉಪ್ಪು ತೆಗೆಯಲು ಬೇಕಾದದ್ದು ಸುಮಾರು 55ರಿಂದ 70 ಬಾರ್. ಹಾಗಾಗಿ ತಟ್ಟೆಯಲ್ಲಿ ಗೆದ್ದ ಪೊರೆಯನ್ನು ಅಷ್ಟು ಒತ್ತಡ ತಾಳುವ ಉಕ್ಕಿನ ಕೋಶದಲ್ಲಿಟ್ಟು ಮತ್ತೆ ಪರೀಕ್ಷಿಸಲೇಬೇಕು. ಜರಡಿ ಹಿಡಿಯುವುದು ಸೋಲುವವನ್ನು ಬೇಗ ಬದಿಗಿಡಲಿಕ್ಕೆ. ಆ ವೇಗವೇ ಅದರ ನಿಜವಾದ ಬೆಲೆ.

ನನ್ನ ಮನಸ್ಸಿನಲ್ಲಿರುವುದು ಇನ್ನೂ ಒಂದಿದೆ. ಇಂಥದೇ ಪೊರೆಯಿಂದ ನೀರು ಸೋಸುವ ನಮ್ಮ ಮನೆಯ ಆರ್.ಒ. ಯಂತ್ರ ಬಿಚ್ಚಿದಾಗ ಒಳಗೆಲ್ಲ ಕೆಂಪು, ಕಬ್ಬಿಣದ ಕೆಸರು. ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಅಡುಗೆ ಉಪ್ಪು ಕಲಸಿ ಪರೀಕ್ಷಿಸಿದರೆ ಈ ಕೆಂಪು ಕಾಣಿಸುವುದೇ ಇಲ್ಲ. ಆ 96 ಗುಳಿಗಳಲ್ಲಿ ಒಂದು ಸಾಲಿಗಾದರೂ ಎಪ್ರಿಲ್ ತಿಂಗಳ ನಮ್ಮ ಬಾವಿಯ ನೀರು ಬೀಳಲಿ. ರಸಾಯನಶಾಸ್ತ್ರ ಓದುವ ನಮ್ಮೂರ ಮಕ್ಕಳೇ, ಬೇಸಗೆ ರಜೆಯಲ್ಲಿ ಬಂದಾಗ ಎರಡು ಬಾಟಲಿ ತುಂಬಿಸಿಕೊಂಡು ಹೋಗಿ.